ತೂಗುಮಂಚದ ಹಿತ್ತಾಳೆಗೆ ಕೋಟಿಂಗ್ ಹುಡುಕಿದ ಹದಿನಾರು ತಿಂಗಳು

ಸಂಕ್ರಾಂತಿ ಆದ ಮಾರನೇ ವಾರ ನಮ್ಮ ಕುಮಟಾ ಮನೆ ಜಗುಲಿಯಲ್ಲಿ ತೂಗುಮಂಚ ಮತ್ತೆ ಮೇಲೇರಿತು. ಹೆಬ್ಬಾಗಿಲಿಗೆ ಅಂದಕ್ಕೆ ಬಡಿದಿರೋ ಹಿತ್ತಾಳೆ ಬೊಟ್ಟುಗಳು, ಚಿಲಕದ ತಗಡು, ಅಜ್ಜನ ಕಾಲದ ತಾಮ್ರದ ಹಂಡೆ ಎಲ್ಲ ಅವವುಗಳ ಜಾಗಕ್ಕೆ ಬಂದ್ವು. ಶುರು ಮಾಡಿದ್ದು 2023ರ ಚೌತಿ ಆದ್ಮೇಲೆ, ಮುಗಿದಿದ್ದು 2025ರ ಜನವರಿಗೆ, ನಡುವೆ ಎರಡು ಸಲ ಪೂರ್ತಿ ಕೆಟ್ಟು ಮತ್ತೆ ಮೊದಲಿಂದ ಮಾಡಿಸಿದ್ದೀನಿ. ಹಳೇ ಹಿತ್ತಾಳೆ ಪಾಲಿಶ್ ಮಾಡ್ಸಿ ಮೇಲೆ ಟ್ರಾನ್ಸ್‌ಪರೆಂಟ್ ಕೋಟಿಂಗ್ ಹೊಡೆಸೋಣ ಅಂತ ತುಂಬಾ ಜನ ಯೋಚನೆ ಮಾಡ್ತಿರ್ತೀರಿ, ನಾನು ಕಳ್ಕೊಂಡಷ್ಟು ದುಡ್ಡು ಟೈಮು ನೀವು ಕಳ್ಕೊಳ್ಳೋದು ಬೇಡ ಅಂತ ಇಷ್ಟು ಉದ್ದ ಬರೀತಿದ್ದೀನಿ.

ಕಾರಣ ನಮ್ಮ ಆಯಿ, ಅಂದ್ರೆ ಅಮ್ಮ. ಅವಳಿಗೆ ಈಗ 74. ಪ್ರತಿ ವರ್ಷ ಚೌತಿಗೆ ಮುಂಚೆ ನಾಲ್ಕು ದಿನ ಕೂತು ಹುಣಸೆಹಣ್ಣು ಉಪ್ಪು ಹಾಕಿ ತೂಗುಮಂಚದ ಹಿತ್ತಾಳೆ ಸರಪಳಿಯ ಒಂದೊಂದೇ ಕೊಂಡಿ ತಿಕ್ಕೋಳು. ನಾಲ್ಕು ಸರಪಳಿ, ಒಂದೊಂದ್ರಲ್ಲೂ ಆನೆ, ನವಿಲು, ಕಮಲದ ಕೊಂಡಿಗಳು, ನವಿಲಿನ ಗರಿಯ ಗೀರಿನೊಳಗೆ ಹೋದ ಕಿಲುಬನ್ನ ತೆಂಗಿನ ಕಡ್ಡಿಯಿಂದ ಕೆರೆದು ತೆಗೀಬೇಕು. ಆ ವರ್ಷ ನಾನು ಹಬ್ಬಕ್ಕೆ ಹೋದಾಗ ಸರಪಳಿ ಕಂದು ಬಣ್ಣಕ್ಕೆ ತಿರುಗಿತ್ತು. "ತಂಗೀ, ಈ ಸಲ ಸರಪಳಿ ತೊಳಿಯಲೆ ಆಜಿಲ್ಲೆ" (ಮಗಳೇ, ಈ ಸಲ ತೊಳೆಯೋಕೆ ಆಗ್ಲಿಲ್ಲ) ಅಂದ್ಲು, ಅಷ್ಟೇ, ಬೇರೆ ಏನೂ ಹೇಳ್ಲಿಲ್ಲ. ಕೈ ನೋಡಿದ್ರೆ ಬೆರಳಿನ ಗಂಟುಗಳು ಊದಿದ್ವು. ಅವತ್ತೇ ಮನಸಲ್ಲಿ ಅಂದ್ಕೊಂಡೆ, ಇದಕ್ಕೊಂದು ದಾರಿ ಮಾಡಲೇಬೇಕು ಅಂತ.

ನಮ್ಮ ಮನೆ ಕಡಲಿಂದ ತುಂಬಾ ದೂರ ಇಲ್ಲ, ಗಾಳಿಯಲ್ಲೇ ಉಪ್ಪಿರುತ್ತೆ. ಹಿತ್ತಾಳೆ ಅಂದ್ರೆ ತಾಮ್ರ ಮತ್ತು ಸತುವಿನ ಮಿಶ್ರಣ, ತೇವ, ಉಪ್ಪು, ಕೈ ಬೆವರು ಯಾವುದು ತಗುಲಿದ್ರೂ ಮೇಲ್ಮೈ ಕಪ್ಪಾಗುತ್ತೆ, ಉಪ್ಪು ಜಾಸ್ತಿ ಇದ್ದ ಕಡೆ ಹಸಿರು ಕಿಲುಬು ಏಳುತ್ತೆ. ಬೆಂಗಳೂರಲ್ಲಿ ಒಂದು ವರ್ಷ ತಡೆಯೋದು ಕರಾವಳಿಯಲ್ಲಿ ಒಂದು ಮಳೆಗಾಲಾನೂ ತಡೆಯಲ್ಲ. ಇದನ್ನ ಮೊದಲೇ ಹೇಳ್ತಿದ್ದೀನಿ ಯಾಕಂದ್ರೆ ಒಬ್ಬರಿಗೆ ಸರಿಹೋದ ಕೋಟಿಂಗ್ ಇನ್ನೊಬ್ಬರಿಗೆ ಸರಿಹೋಗದೆ ಇರೋಕೆ ಇದೇ ದೊಡ್ಡ ಕಾರಣ.

ದೀಪಾವಳಿ ಮುಗಿಸಿ ವಾಪಸ್ ಬರೋವಾಗ ಎಲ್ಲ ಬಿಚ್ಚಿ ಗೋಣಿಚೀಲದಲ್ಲಿ ಸುತ್ತಿ ಕಾರಲ್ಲಿ ಬೆಂಗಳೂರಿಗೆ ತಂದೆ. ಬೊಟ್ಟುಗಳ ಹಿಂದೆ ಮಾರ್ಕರ್‌ನಲ್ಲಿ ನಂಬರ್ ಬರೆದು ಬಾಗಿಲಿನ ಫೋಟೋ ತೆಗೆದಿಟ್ಕೊಂಡಿದ್ದೆ, ಆದ್ರೆ ಬಫಿಂಗ್, ಅಂದ್ರೆ ತಿರುಗೋ ಚಕ್ರಕ್ಕೆ ಹಿಡಿದು ಹೊಳಪು ಬರಿಸೋದು, ಆದ್ಮೇಲೆ ಆ ನಂಬರೆಲ್ಲ ಅಳಿಸಿಹೋಗಿದ್ವು. ನೀವು ಮಾಡೋದಾದ್ರೆ ತಂತಿಯಲ್ಲಿ ಕಟ್ಟಿದ ಚೀಟಿ ಇಡಿ, ಇಲ್ಲಾಂದ್ರೆ ಹಿಂಬದಿ ಮೊಳೆಯಿಂದ ಸಣ್ಣ ಗುರುತು ಕೊರೀರಿ. ಕೈಯಲ್ಲಿ ಮಾಡಿದ ಹಳೇ ಬೊಟ್ಟು, ಒಂದರ ತೂತಿಗೆ ಇನ್ನೊಂದು ಸರಿಯಾಗಿ ಕೂರಲ್ಲ.

ಬಫಿಂಗ್ ಅಂಗಡಿಯವರು ಒಳ್ಳೆ ಕೆಲಸಗಾರರು. ಹನ್ನೆರಡು ದಿನ ತಗೊಂಡ್ರು, 5,200 ಆಯ್ತು. ಸರಪಳಿ ನೋಡಿ ನನಗೆ ನಿಜವಾಗಿ ಕಣ್ಣಲ್ಲಿ ನೀರು ಬಂತು, ನವಿಲಿನ ಕಣ್ಣಿನ ಸುತ್ತ ಸಣ್ಣ ಸಣ್ಣ ಚುಕ್ಕಿ ಕೊರೆದಿದ್ದಾರೆ ಅನ್ನೋದೇ ನನಗೆ ನಲವತ್ತು ವರ್ಷದಿಂದ ಗೊತ್ತಿರಲಿಲ್ಲ. "ಮೇಡಂ ಇನ್ನೊಂದು 800 ಕೊಡಿ, ಲ್ಯಾಕರ್ ಹೊಡೆದೇ ಕೊಡ್ತೀನಿ, ಕಪ್ಪಾಗಲ್ಲ" ಅಂದ್ರು, ಲ್ಯಾಕರ್ ಅಂದ್ರೆ ಆರಿದ ಮೇಲೆ ಗಟ್ಟಿಯಾಗಿ ಕೂರೋ ಟ್ರಾನ್ಸ್‌ಪರೆಂಟ್ ಕೋಟಿಂಗ್, ಯಾವ ಲ್ಯಾಕರ್ ಏನು ಎತ್ತ ಅಂತ ಕೇಳದೆ ಹೂಂ ಅಂದೆ. ಇಲ್ಲಿ ನಡೆದಿದ್ದು ಎರಡು ತಪ್ಪು. ಒಂದು, ಬಫಿಂಗ್ ಮಾಡೋವಾಗ ಚಕ್ರಕ್ಕೆ ಹಚ್ಚೋ ಸೋಪು ಇರುತ್ತಲ್ಲ, ಮೇಣದ ಜಿಡ್ಡಿನ ಥರದ್ದು, ಅದು ಗೀರುಗಳ ಒಳಗೆ ಹಾಗೇ ಉಳಿದಿತ್ತು, ಅದರ ಮೇಲೇ ಲ್ಯಾಕರ್ ಬಿತ್ತು. ಇನ್ನೊಂದು ತಪ್ಪು ನನ್ನದು, ಲ್ಯಾಕರ್ ಹೊಡೆಯೋಕೆ ಮುಂಚೆ ನೋಡ್ಬೇಕು ಅಂತ ಹೋಗಿ ಹಂಡೆಯನ್ನ, ಚಿಲಕದ ತಗಡನ್ನ ಬರಿಗೈಯಲ್ಲಿ ಎತ್ತಿ ತಿರುಗಿಸಿ ತಿರುಗಿಸಿ ನೋಡಿದ್ದೆ. ಮೂರು ವಾರ ಆದ್ಮೇಲೆ ಹಂಡೆ ಮೈಮೇಲೆ ನನ್ನ ಐದು ಬೆರಳೂ ಮೂಡಿದ್ವು. ಹೆಬ್ಬೆರಳಿನ ಸುಳಿ ಒಂದೊಂದು ಗೆರೆಯೂ ಎಣಿಸಬಹುದಿತ್ತು, ಕಂದು ಬಣ್ಣದಲ್ಲಿ, ಲ್ಯಾಕರ್ ಒಳಗಡೆ. ಬಟ್ಟೆಯಲ್ಲಿ ಒರೆಸಿದ್ರೆ ಹೋಗಲ್ಲ, ಯಾಕಂದ್ರೆ ಗುರುತಿರೋದು ಲೋಹದ ಮೇಲೆ, ಮುಚ್ಚಳ ಅದರ ಮೇಲಿದೆ. ಸರಪಳಿ ಗೀರುಗಳಲ್ಲಿ ಲ್ಯಾಕರ್ ಮೀನಿನ ಪೊರೆ ಹಾಗೆ ಎದ್ದು ಬರ್ತಿತ್ತು.

ಹಾಗಾಗಿ ಮೊದಲ ಪಾಠ, ಯಾವ ಕೋಟಿಂಗ್ ಅನ್ನೋದಕ್ಕಿಂತ ಮುಂಚೆ ಲೋಹ ಎಷ್ಟು ಶುದ್ಧ ಇದೆ ಅನ್ನೋದು. ಈಗ ನಾನು ಮಾಡೋದು ಹೀಗೆ, ಬಿಸಿನೀರು ಮತ್ತು ಪಾತ್ರೆ ತೊಳೆಯೋ ಲಿಕ್ವಿಡ್‌ನಲ್ಲಿ ಮೆತ್ತನೆ ಬ್ರಷ್ ಹಿಡಿದು ತೊಳೆದು, ಒಣಗಿಸಿ, ಆಮೇಲೆ ಅಸಿಟೋನ್‌ನಲ್ಲಿ ಎರಡು ಸಲ ಒರೆಸೋದು, ಪ್ರತಿ ಸಲ ಹೊಸ ಬಿಳಿ ಬಟ್ಟೆ, ಬಟ್ಟೆಗೆ ಕಪ್ಪು ಹತ್ತೋದು ನಿಲ್ಲೋವರೆಗೆ. ಶುದ್ಧ ಆಯ್ತಾ ಅಂತ ನೋಡೋಕೆ ಸುಲಭದ ದಾರಿ ನೀರು. ಮೇಲೆ ನೀರು ಸುರಿದ್ರೆ ಒಂದೇ ಹಾಳೆ ಹಾಗೆ ಹರಡಿಕೊಂಡು ನಿಲ್ಲಬೇಕು, ಕೆಸುವಿನ ಎಲೆ ಮೇಲಿನ ಹನಿ ಹಾಗೆ ಗುಂಡಗೆ ನಿಂತ್ರೆ ಜಿಡ್ಡಿದೆ ಅಂತ ಅರ್ಥ, ಮತ್ತೆ ತೊಳೀರಿ. ಅಲ್ಲಿಂದ ಮುಂದೆ ಗ್ಲೌಸ್ ಇಲ್ಲದೆ ಮುಟ್ಟಬಾರದು. ಹುಣಸೆಹಣ್ಣಲ್ಲಿ ತೊಳೆದಿದ್ರಂತೂ ಇನ್ನೂ ಜಾಸ್ತಿ ನೀರಲ್ಲಿ ಜಾಲಾಡಿಸಬೇಕು, ಸಂದಿಯಲ್ಲಿ ಉಳಿದ ಉಪ್ಪು ಹುಳಿ ಎರಡೂ ಕೋಟಿಂಗ್ ಒಳಗೆ ಕೂತು ಹಸಿರು ಚುಕ್ಕಿ ಮಾಡ್ತವೆ.

ಆ ಲ್ಯಾಕರ್ ಯಾವುದು ಅಂತ ಆಮೇಲೆ ಕೇಳ್ದೆ, ಮಾಮೂಲಿ ಎನ್‌ಸಿ, ಅಂದ್ರೆ ನೈಟ್ರೋಸೆಲ್ಯುಲೋಸ್. ಒಂದೇ ಒಳ್ಳೆದು ಅಂದ್ರೆ ಥಿನ್ನರ್‌ನಲ್ಲಿ ನೆನೆಸಿದ ಬಟ್ಟೆಯಿಂದ ಒಂದು ಮಧ್ಯಾಹ್ನದಲ್ಲಿ ಅಷ್ಟೂ ಬಿಟ್ಟುಹೋಯ್ತು. ಅದೆಷ್ಟು ದೊಡ್ಡ ಅನುಕೂಲ ಅಂತ ಆಗ ನನಗೆ ಗೊತ್ತಾಗ್ಲಿಲ್ಲ.

ಎರಡನೇ ಸಲ ಗಟ್ಟಿದು ಬೇಕು ಅಂತ ಹೊರಟೆ. ಪರಿಚಯದವರೊಬ್ಬರು ಕಾರ್ ಪೇಂಟಿಂಗ್ ಗ್ಯಾರೇಜ್‌ಗೆ ಕರ್ಕೊಂಡು ಹೋದ್ರು, ಅಲ್ಲಿ ಟೂ ಕೆ ಪಿಯು ಕ್ಲಿಯರ್, ಅಂದ್ರೆ ಗಟ್ಟಿ ಮಾಡೋ ಹಾರ್ಡನರ್ ಬೆರೆಸಿ ಹೊಡೆಯೋ ಪಾಲಿಯುರೆಥೇನ್ ಕೋಟಿಂಗ್. 6,500 ಕೇಳಿದ್ರು, ಕೊಟ್ಟೆ. ಗಾಜಿನ ಹಾಗೆ ಬಂತು, ಉಗುರಲ್ಲಿ ಕೆರೆದ್ರೂ ಏನೂ ಆಗಲ್ಲ. ಜನವರಿಯಲ್ಲಿ ಊರಿಗೆ ಒಯ್ದು ತೂಗುಹಾಕಿದ್ವಿ, ಬಂದವರೆಲ್ಲ ಹೊಸದಾ ಅಂತ ಕೇಳೋರು, ಆಯಿ ಮುಖದಲ್ಲಿ ನಗು. ಐದು ತಿಂಗಳು ಅದೇ ಖುಷಿ.

ಜೂನ್ ಕೊನೆಗೆ, ಮಳೆ ಹಿಡಿದು ಮೂರು ವಾರ ಆಗಿತ್ತು, ಆಯಿ ಫೋನು. "ಸರಪಳಿ ಮೇಲೆ ಎಂತದೋ ಹುಳ ಹರದಾಂಗೆ ಕಾಣ್ತು." ಫೋಟೋ ಕಳಿಸು ಅಂದೆ, ಪಕ್ಕದ ಮನೆ ಹುಡುಗ ಬಂದು ತೆಗೆದು ಕಳಿಸ್ದ. ಕೊಂಡಿಗೆ ಕೊಂಡಿ ಉಜ್ಜೋ ಜಾಗದಲ್ಲಿ ಪಿಯು ಒಡೆದುಹೋಗಿತ್ತು, ಅಲ್ಲಿಂದ ಕಪ್ಪು ದಾರದಂಥ ಗೆರೆಗಳು ಪದರದ ಕೆಳಗೆ ಕೆಳಗೆ ಹೋಗಿದ್ವು, ಗೆದ್ದಲು ಗೋಡೆ ಮೇಲೆ ಮಣ್ಣಿನ ದಾರಿ ಮಾಡುತ್ತಲ್ಲ ಹಾಗೆ. ಸುತ್ತಮುತ್ತ ಪಳಪಳ, ನಡುವೆ ಈ ಗೆರೆಗಳು.

ಗ್ಯಾರೇಜಿನವರನ್ನ ನಾನು ದೂರಲ್ಲ. ಅವರು ಕಾರಿಗೆ ಮಾಡೋ ಹಾಗೆ ಶ್ರದ್ಧೆಯಿಂದ ಮಾಡಿದ್ರು. ಆದ್ರೆ ಕಾರಲ್ಲಿ ಕ್ಲಿಯರ್ ಕೂರೋದು ಪ್ರೈಮರ್, ಬಣ್ಣ ಎರಡರ ಮೇಲೆ. ಇಲ್ಲಿ ಕನ್ನಡಿ ಹಾಗೆ ಪಾಲಿಶ್ ಆದ ಬರೀ ಹಿತ್ತಾಳೆ, ಹಿಡ್ಕೊಳ್ಳೋಕೆ ಏನೂ ಒರಟೇ ಇಲ್ಲ. ಅದರ ಮೇಲೆ ಮನುಷ್ಯರು ಕೂತು ತೂಗೋ ಸರಪಳಿ, ಕೊಂಡಿಗಳು ದಿನಕ್ಕೆ ಸಾವಿರ ಸಲ ಒಂದಕ್ಕೊಂದು ಉಜ್ತವೆ. ಯಾವ ಕೋಟಿಂಗೂ ಅಲ್ಲಿ ನಿಲ್ಲಲ್ಲ. ಒಂದು ಕಡೆ ಒಡೆದ್ರೆ ಸಾಕು, ಉಪ್ಪು ತೇವ ಒಳಗೆ ಹೋಗುತ್ತೆ, ಹೊರಗೆ ಬರೋಕೆ ದಾರಿ ಇಲ್ಲ, ಅಲ್ಲೇ ಕೂತು ತಿನ್ನುತ್ತೆ. ಕೋಟಿಂಗ್ ಇಲ್ಲದ ಹಿತ್ತಾಳೆ ಸಮನಾಗಿ ಕಂದಾಗುತ್ತೆ, ಅದಕ್ಕೂ ಒಂದು ಚಂದ ಇದೆ. ಅರ್ಧ ಕಿತ್ತ ಕೋಟಿಂಗ್ ಕೆಳಗಿನ ಹಿತ್ತಾಳೆಗೆ ಆ ಚಂದಾನೂ ಇಲ್ಲ.

ಅದಕ್ಕಿಂತ ಕಷ್ಟ ಆಗಿದ್ದು ತೆಗೆಯೋದು. ಥಿನ್ನರ್ ಹಚ್ಚಿದ್ರೆ ಪಿಯುಗೆ ಏನೂ ಆಗಲಿಲ್ಲ, ಅಸಿಟೋನ್‌ಗೂ ಜಗ್ಗಲಿಲ್ಲ. ಕೊನೆಗೆ ಪೇಂಟ್ ರಿಮೂವರ್ ಜೆಲ್ ತಂದು ಹಚ್ಚಿ ಪದರ ಸುಕ್ಕಾದ್ಮೇಲೆ ಕೆರೀಬೇಕು. ಅದರ ಒಂದು ತೊಟ್ಟು ಗ್ಲೌಸ್ ಮೇಲಿನ ಮಣಿಕಟ್ಟಿಗೆ ಬಿದ್ದು ಬೆಂಕಿ ಹಚ್ಚಿದ ಹಾಗಾಯ್ತು, ಆ ಕಲೆ ಇನ್ನೂ ಇದೆ. ನವಿಲಿನ ಗರಿ ಸಂದಿಯಲ್ಲಿ ಉಳಿದ ಪಿಯು ತೆಗೆಯೋಕೆ ನನಗೆ ಒಂಬತ್ತು ಭಾನುವಾರ ಹಿಡೀತು. ರಿಮೂವರ್, ಮತ್ತೆ ಬಫಿಂಗ್ ಎಲ್ಲ ಸೇರಿ 4,300. ಬಫಿಂಗ್ ಮಾಡಿದಷ್ಟೂ ಕೆತ್ತನೆ ಸವೆಯುತ್ತೆ ಅನ್ನೋದು ಇನ್ನೊಂದು ಸಂಕಟ, ನವಿಲಿನ ಕಣ್ಣಿನ ಸುತ್ತ ಇದ್ದ ಚುಕ್ಕಿಗಳು ಒಂದು ಕೊಂಡಿಯಲ್ಲಿ ಈಗ ಕೈಗೆ ಸಿಗಲ್ಲ. ಅದನ್ನ ನೆನೆಸ್ಕೊಂಡ್ರೆ ಈಗಲೂ ಹೊಟ್ಟೆ ಉರಿಯುತ್ತೆ. ಯಾರಾದ್ರೂ ನನಗೆ ಮೊದಲೇ "ಹಚ್ಚೋದು ಹೇಗೆ ಅಂತ ಕೇಳ್ಬೇಡ, ತೆಗೆಯೋದು ಹೇಗೆ ಅಂತ ಕೇಳು" ಅಂದಿದ್ರೆ ಆ ಚುಕ್ಕಿ ಉಳೀತಿತ್ತು.

ಆ ಜುಲೈಯಲ್ಲೇ ಇನ್ನು ಕೇಳಿದ್ದನ್ನ ನಂಬೋದು ಬೇಡ, ನಮ್ಮ ಮನೆ ಗಾಳೀಲೇ ನೋಡೋಣ ಅಂತ ತೀರ್ಮಾನ ಮಾಡಿದೆ. ಬೆಂಗಳೂರಿನ ಎಸ್‌ಜೆಪಿ ರೋಡ್‌ಗೆ ಹೋಗಿ ಹಾರ್ಡ್‌ವೇರ್ ಅಂಗಡಿಯಲ್ಲಿ ಹಿತ್ತಾಳೆ ಪಟ್ಟಿ ತಂದು ಗೇಣುದ್ದ ಆರು ತುಂಡು ಮಾಡಿಸಿ ಬಫ್ ಮಾಡಿಸ್ದೆ. ಒಂದು ಬರೀ ಹಿತ್ತಾಳೆ, ಒಂದಕ್ಕೆ ಮೇಣ, ಒಂದಕ್ಕೆ ಎನ್‌ಸಿ ಲ್ಯಾಕರ್, ಒಂದಕ್ಕೆ ಮರಕ್ಕೆ ಹಚ್ಚೋ ಕ್ಲಿಯರ್ ವಾರ್ನಿಶ್, ಒಂದಕ್ಕೆ ಗ್ಯಾರೇಜಿನ ಪಿಯು, ಕೊನೇದಕ್ಕೆ ಅಕ್ರಿಲಿಕ್ ಲ್ಯಾಕರ್. ಪ್ರತಿಯೊಂದರ ಮೇಲೂ ಮೊಳೆಯಿಂದ ಒಂದು ಗೀರು ಬೇಕಂತಲೇ ಎಳೆದೆ, ಯಾಕಂದ್ರೆ ಮನೆಯಲ್ಲಿ ಗೀರು ಬಿದ್ದೇ ಬೀಳುತ್ತೆ.

ಈ ಅಕ್ರಿಲಿಕ್ ವಿಷಯ ಗೊತ್ತಾಗಿದ್ದು ರಾತ್ರಿಯೆಲ್ಲ ಕೂತು ಓದಿದಾಗ. ಹೊರಗಡೆ ಬಿಸಿಲು ಮಳೆಯಲ್ಲಿ ನಿಲ್ಲೋ ತಾಮ್ರ, ಹಿತ್ತಾಳೆ, ಕಂಚಿನ ವಸ್ತುಗಳಿಗೆ ಅಂತ 1960ರ ದಶಕದಲ್ಲಿ ಇಂಟರ್‌ನ್ಯಾಷನಲ್ ಕಾಪರ್ ರಿಸರ್ಚ್ ಅಸೋಸಿಯೇಷನ್ ಕಡೆಯಿಂದ ಒಂದು ಲ್ಯಾಕರ್ ಬಂತು, ಅದರ ಹೆಸರು ಇನ್‌ಕ್ರಾಲಾಕ್. ಒಳಗಿರೋದು ಪ್ಯಾರಲಾಯ್ಡ್ ಬಿ-44 ಅನ್ನೋ ಅಕ್ರಿಲಿಕ್ ರೆಸಿನ್, ಅಂದ್ರೆ ಆರಿದ ಮೇಲೆ ಪದರವಾಗಿ ಉಳಿಯೋ ವಸ್ತು, ಅದನ್ನ ಟಾಲ್ವೀನ್‌ನಲ್ಲಿ ಕರಗಿಸಿರ್ತಾರೆ, ಜೊತೆಗೆ ಬೆಂಜೋಟ್ರಯಜೋಲ್ ಅಂತ ಒಂದು ರಾಸಾಯನಿಕ. ಈ ಬೆಂಜೋಟ್ರಯಜೋಲ್ ತಾಮ್ರದ ಜೊತೆ ಸೇರಿ ಕಣ್ಣಿಗೆ ಕಾಣದಷ್ಟು ತೆಳು ಪದರ ಮಾಡಿ ಕಿಲುಬು ಹಿಡಿಯೋದನ್ನ ನಿಧಾನ ಮಾಡುತ್ತೆ, ಅಂದ್ರೆ ಮೇಲಿನ ಪದರಕ್ಕೆ ಗೀರು ಬಿದ್ರೂ ಕೆಳಗೆ ಸ್ವಲ್ಪ ಕಾವಲಿದೆ. ಎಲ್ಲಕ್ಕಿಂತ ಮುಖ್ಯವಾಗಿ ಬೇಡ ಅಂದಾಗ ಸಾಲ್ವೆಂಟ್, ಅಂದ್ರೆ ಅದನ್ನ ಕರಗಿಸೋ ದ್ರವ ಹಚ್ಚಿ ತೆಗೀಬಹುದು. ಮ್ಯೂಸಿಯಂನವರು ಇಂಥ ರೆಸಿನ್‌ಗಳನ್ನ ಇಷ್ಟಪಡೋದೇ ಇದಕ್ಕೆ. ಮೇಣದಲ್ಲೂ ಹಾಗೇ, ಬ್ರಿಟಿಷ್ ಮ್ಯೂಸಿಯಂನಲ್ಲಿ 1950ರ ದಶಕದಲ್ಲಿ ಮಾಡಿದ ಮೈಕ್ರೋಕ್ರಿಸ್ಟಲೈನ್ ವ್ಯಾಕ್ಸ್ ಈಗ ರೆನೈಸಾನ್ಸ್ ವ್ಯಾಕ್ಸ್ ಅಂತ ಸಣ್ಣ ಡಬ್ಬಿಯಲ್ಲಿ ಸಿಗುತ್ತೆ, ನಾನು ತಗೊಂಡಿದ್ದು 1,950 ಆಯ್ತು, ಆದ್ರೆ ಡಬ್ಬಿ ತುಂಬಾ ದಿನ ಬರುತ್ತೆ.

ಓದೋದು ಒಂದು, ಸಿಗೋದು ಇನ್ನೊಂದು. ಹಿತ್ತಾಳೆಗೆ ಅಂತ ಅಕ್ರಿಲಿಕ್ ಲ್ಯಾಕರ್ ಬೇಕು ಅಂದ್ರೆ ಅಂಗಡಿಯವರು ಮರದ ವಾರ್ನಿಶ್ ಡಬ್ಬಿ ಮುಂದೆ ಇಡ್ತಾರೆ. ಕಂಪನಿಗಳಿಗೆ ಮೇಲ್ ಹಾಕಿದ್ರೆ ಒಬ್ಬರು 20 ಲೀಟರ್‌ಗಿಂತ ಕಡಿಮೆ ಕೊಡಲ್ಲ ಅಂದ್ರು, ಇನ್ನೊಬ್ಬರು ಜಿಎಸ್‌ಟಿ ನಂಬರ್ ಕೇಳಿದ್ರು, ಮತ್ತೊಬ್ಬರು ಹದಿನೇಳು ದಿನ ಉತ್ತರಾನೇ ಕೊಡ್ಲಿಲ್ಲ. ಕೊನೆಗೆ ಹಿತ್ತಾಳೆ ನೇಮ್‌ಪ್ಲೇಟ್ ಮಾಡೋ ಒಬ್ಬರು ತಮ್ಮ ಸ್ಟಾಕಿಂದ ಒಂದು ಲೀಟರ್ ಕೊಡೋಕೆ ಒಪ್ಪಿದ್ರು, ಅದರದ್ದೇ ಥಿನ್ನರ್ ಸೇರಿ 2,300. ಅವರ ಹತ್ರ ನಾನು ಡೇಟಾ ಶೀಟ್ ಕೇಳಿ ಇಸ್ಕೊಂಡೆ. ಇದನ್ನ ದಯವಿಟ್ಟು ನೀವೂ ಕೇಳಿ, ಎರಡು ಕಾಗದ ಇರುತ್ತೆ, ಟೆಕ್ನಿಕಲ್ ಡೇಟಾ ಶೀಟ್ ಒಂದು, ಎಂಎಸ್‌ಡಿಎಸ್ ಒಂದು. ಮೊದಲನೇದ್ರಲ್ಲಿ ರೆಸಿನ್ ಯಾವುದು, ಹೊರಗಡೆಗೆ ಆಗುತ್ತಾ, ಯಾವ ಥಿನ್ನರ್, ಎಷ್ಟು ಹೊತ್ತಿಗೆ ಎರಡನೇ ಕೋಟ್, ಓವನ್‌ನಲ್ಲಿ ಬೇಯಿಸ್ಬೇಕಾ ಅನ್ನೋದೆಲ್ಲ ಇರುತ್ತೆ. ಎರಡನೇದ್ರಲ್ಲಿ ಅದರೊಳಗೆ ಉಸಿರಿಗೆ ಏನು ಅಪಾಯ ಇದೆ ಅಂತ. ಟೂ ಕೆ ಪಿಯು ಹಾರ್ಡನರ್‌ನಲ್ಲಿ ಐಸೊಸೈನೇಟ್ ಇರುತ್ತೆ, ಸ್ಪ್ರೇ ಮಾಡೋವಾಗ ಅದು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು, ಮನೆ ಟೆರೇಸಲ್ಲಿ ನೀವೇ ಹೊಡೆಯೋ ವಸ್ತು ಅಲ್ಲವೇ ಅಲ್ಲ. ಲ್ಯಾಕರ್ ಥಿನ್ನರ್‌ಗೂ ಬಟ್ಟೆ ಮಾಸ್ಕ್, ಎನ್-95 ಯಾವುದೂ ಸಾಲಲ್ಲ, ಅವು ಧೂಳಿಗೆ ಇರೋದು, ಆವಿ ಹಾಗೇ ಒಳಗೆ ಬರುತ್ತೆ. ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರೋ ಮಾಸ್ಕ್ 1,850 ಕೊಟ್ಟು ತಗೊಂಡೆ. ಅದಿಲ್ಲದೆ ಒಂದು ಸಂಜೆ ಕೆಲಸ ಮಾಡಿ ರಾತ್ರಿಯೆಲ್ಲ ತಲೆನೋವು ಅನುಭವಿಸಿದ್ದೆ.

ಪಟ್ಟಿಗಳಿಗೆ ಹಚ್ಚಿದ್ದು ಬೆಂಗಳೂರಲ್ಲಿ ಒಂದು ಮಳೆ ಸಂಜೆ. ಎನ್‌ಸಿ ಹಚ್ಚಿ ಹತ್ತು ನಿಮಿಷಕ್ಕೆ ಮಜ್ಜಿಗೆ ನೀರು ಬಳಿದ ಹಾಗೆ ಬೆಳ್ಳಗಾಯ್ತು. ಡಬ್ಬಿ ಹಳೇದು ಅಂದ್ಕೊಂಡೆ, ಅದಲ್ಲ. ಥಿನ್ನರ್ ಬೇಗ ಆರೋವಾಗ ಲೋಹ ತಣ್ಣಗಾಗುತ್ತೆ, ಗಾಳಿಯಲ್ಲಿರೋ ತೇವ ಬಂದು ಹಸಿ ಪದರದಲ್ಲಿ ಸೇರ್ಕೊಳ್ಳುತ್ತೆ. ಬ್ಲಶಿಂಗ್ ಅಂತಾರೆ ಅದಕ್ಕೆ. ಒಣ ದಿನ ನೋಡಿ ಮಾಡಿದ್ರೆ, ಇಲ್ಲ ನಿಧಾನ ಆರೋ ಥಿನ್ನರ್ ಬಳಸಿದ್ರೆ ಬರಲ್ಲ. ನಾನು ಒರೆಸಿ ತೆಗೆದು, ಎರಡು ದಿನ ಬಿಟ್ಟು ಬಿಸಿಲು ಬಂದಾಗ ಮತ್ತೆ ಹಚ್ಚಿದೆ, ಸರಿ ಬಂತು. ಅಕ್ರಿಲಿಕ್ ಒಂದೇ ಕೋಟ್ ತುಂಬಾ ತೆಳ್ಳಗೆ ಹೊಡೆದಾಗ ಇನ್ನೊಂದು ತೊಂದರೆ, ಮಳೆ ನೀರಿನ ಮೇಲೆ ಪೆಟ್ರೋಲ್ ಬಿದ್ದ ಹಾಗೆ ಕಾಮನಬಿಲ್ಲಿನ ಬಣ್ಣ. ಎರಡು ಮೂರು ಕೋಟ್ ಆದ್ಮೇಲೆ ಅದು ಹೋಗುತ್ತೆ, ಗಾಬರಿ ಬೇಡ.

ಆರೂ ಪಟ್ಟಿ ಊರಿಗೆ ಒಯ್ದು ಹಿತ್ತಿಲ ಬಾವಿ ಹತ್ರ ತಂತಿ ಕಟ್ಟಿ ತೂಗುಹಾಕಿ ಬಂದೆ. ಆಯಿ ಅದನ್ನ ತನ್ನ ಕೆಲಸ ಅಂತಲೇ ತಗೊಂಡ್ಲು. ಪ್ರತಿ ಭಾನುವಾರ ಫೋಟೋ, ಜೊತೆಗೆ ಪಂಚಾಂಗದ ಹಿಂದಿನ ಪುಟದಲ್ಲಿ ಬರೆದಿಟ್ಟ ಟಿಪ್ಪಣಿ ಓದಿ ಹೇಳೋಳು, ಒಂದನೇದು ಕಪ್ಪಾತು, ನಾಲ್ಕನೇದು ಜೇನುತುಪ್ಪದ ಬಣ್ಣ ಬಂತು ಅಂತ. ಬರೀ ಹಿತ್ತಾಳೆ ಮೂರು ವಾರಕ್ಕೇ ಹೋಯ್ತು. ಮೇಣದ್ದು ಎರಡು ತಿಂಗಳು ಚೆನ್ನಾಗಿದ್ದು ಆಮೇಲೆ ಮಳೆ ಬಡಿಯೋ ಕಡೆ ಮಂಕಾಯ್ತು, ಆದ್ರೆ ಬಟ್ಟೆಯಲ್ಲಿ ತಿಕ್ಕಿ ಮತ್ತೆ ಮೇಣ ಹಚ್ಚಿದ್ರೆ ಸುಮಾರಾಗಿ ವಾಪಸ್ ಬಂತು. ಮರದ ವಾರ್ನಿಶ್ ಹಳದಿಗೆ ತಿರುಗಿ ಅಂಚಲ್ಲಿ ಎದ್ದುಬಂತು, ಅದನ್ನ ಹಿತ್ತಾಳೆಗೆ ಹಚ್ಚಲೇಬೇಡಿ. ಎನ್‌ಸಿ ನಾಲ್ಕು ತಿಂಗಳು ತಡೀತು ಆದ್ರೆ ಗೀರಿನ ಹತ್ರ ಸ್ವಲ್ಪ ಕಪ್ಪು, ಬಿಸಿಲು ಬೀಳೋ ಕಡೆ ಇದು ವರ್ಷಗಟ್ಟಲೆ ಇದ್ರೆ ಹಳದಿ ಆಗುತ್ತೆ ಅನ್ನೋದು ಎಲ್ಲ ಪೇಂಟ್‌ನವರೂ ಹೇಳೋ ಮಾತು, ಮನೆ ಒಳಗಿನ ಶೋಕೇಸ್ ವಸ್ತುಗಳಿಗೆ ಧಾರಾಳ ಸಾಕು. ಪಿಯು ಮೈಯೆಲ್ಲ ಹೊಳಪು, ಗೀರಿನಿಂದ ಮಾತ್ರ ಅದೇ ಹುಳದ ಗೆರೆ. ಅಕ್ರಿಲಿಕ್‌ದು ಗೀರಿನಷ್ಟಕ್ಕೇ ಕಪ್ಪಾಗಿ ಅಲ್ಲೇ ನಿಂತಿತ್ತು, ಅಕ್ಕಪಕ್ಕ ಹರಡಿರಲಿಲ್ಲ. ದೀಪಾವಳಿಗೆ ಹೋದಾಗ ಆ ಪಟ್ಟಿಯನ್ನ ಬಿಸಿಲಿಗೆ ಹಿಡಿದು ನೋಡ್ತಾ ಎಷ್ಟೋ ಹೊತ್ತು ಬಾವಿಕಟ್ಟೆ ಮೇಲೆ ಕೂತಿದ್ದೆ.

ಆಮೇಲೆ ಯಾವುದಕ್ಕೆ ಯಾವುದು ಅನ್ನೋದು ಸುಲಭ ಆಯ್ತು. ಹಂಡೆ ಈಗ ನೀರು ಕಾಯಿಸೋಕಲ್ಲ, ಜಗುಲಿ ಮೂಲೆಯಲ್ಲಿ ನೋಡೋಕೆ ಇಟ್ಟಿರೋದು, ಅದಕ್ಕೆ ಅಕ್ರಿಲಿಕ್. ಬಾಗಿಲಿನ ಬೊಟ್ಟು, ಚಿಲಕದ ತಗಡು, ಇವೂ ಅಕ್ರಿಲಿಕ್. ಬಾಗಿಲಿನ ಬಳೆಗೆ ಏನೂ ಇಲ್ಲ, ದಿನಾ ಕೈ ತಾಗಿ ತಾಗಿ ಅದು ತಾನಾಗೇ ಹೊಳೀತಾ ಇರುತ್ತೆ, ಕೋಟಿಂಗ್ ಹಾಕಿದ್ರೆ ಆರು ತಿಂಗಳಿಗೆ ಕಿತ್ತು ಅಸಹ್ಯ ಕಾಣುತ್ತೆ. ಸರಪಳಿಗೆ ಮೇಣ, ವರ್ಷಕ್ಕೆ ಎರಡು ಮೂರು ಸಲ. ತೂಗುದೀಪ, ಕಾಲುದೀಪಗಳ ಬಗ್ಗೆ ನಾನು ಕೇಳೋಕೆ ಮುಂಚೆನೇ ಆಯಿ "ದೀಪದ ತಂಟೆಗೆ ಹೋಗಡ" ಅಂದ್ಲು, ಅವಳು ಹೇಳಿದ್ದು ಪೂಜೆಯ ಕಾರಣಕ್ಕೆ, ಆದ್ರೆ ಸುರಕ್ಷತೆ ಲೆಕ್ಕದಲ್ಲೂ ಅದೇ ಸರಿ. ಬತ್ತಿ ಉರಿಯೋ ಜಾಗದಲ್ಲಿ ಲ್ಯಾಕರ್ ಇರಲೇಬಾರದು. ಅಡುಗೆ ಮಾಡೋ, ಊಟ ಬಡಿಸೋ ಪಾತ್ರೆಗಳಿಗೂ ಈ ಯಾವ ಕೋಟಿಂಗೂ ಬೇಡ, ಅವಕ್ಕೆ ಒಳಗಡೆ ಕಲಾಯಿ ಮಾಡಿಸೋದೇ ಕ್ರಮ.

ಕೊನೇ ಅಡ್ಡಿ ಬಂದಿದ್ದು ಸಾಗಿಸೋದ್ರಲ್ಲಿ. ಲ್ಯಾಕರ್ ಡಬ್ಬಿ ಕೊರಿಯರ್ ಮಾಡೋಣ ಅಂತ ಹೋದ್ರೆ ಬೆಂಕಿ ಹತ್ತೋ ವಸ್ತು ತಗೊಳ್ಳಲ್ಲ ಅಂತ ವಾಪಸ್ ಕಳಿಸಿದ್ರು. ನಾನು ಸಾಮಾನ್ಯವಾಗಿ ಹೋಗೋದು ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ, ರೈಲಲ್ಲಿ ಥಿನ್ನರ್ ಒಯ್ಯೋದು ಕಾನೂನು ಪ್ರಕಾರ ಅಪರಾಧ, ಜೈಲು ಶಿಕ್ಷೆನೂ ಇದೆ, ದಯವಿಟ್ಟು ಬ್ಯಾಗಲ್ಲಿ ಬಚ್ಚಿಟ್ಟು ಒಯ್ಯೋ ಯೋಚನೆ ಮಾಡ್ಬೇಡಿ, ಬೋಗಿಯಲ್ಲಿ ಮಕ್ಕಳಿರ್ತಾರೆ. ಹಾಗಾಗಿ ಹಂಡೆ, ಬೊಟ್ಟು, ತಗಡು ಮೂರನ್ನೂ ಬೆಂಗಳೂರಲ್ಲೇ ಮುಗಿಸಿ ಒಯ್ಯೋಣ ಅಂದ್ಕೊಂಡೆ, ಆದ್ರೆ ಮುಗಿದ ಬೊಟ್ಟನ್ನ ಬಾಗಿಲಿಗೆ ಬಡಿಯೋವಾಗ ಗೀರು ಬೀಳುತ್ತೆ, ಅಲ್ಲೇ ಟಚಪ್ ಮಾಡ್ಬೇಕಾಗುತ್ತೆ. ಕ್ರಿಸ್‌ಮಸ್ ರಜೆಗೆ ಕಾರಲ್ಲೇ ಹೊರಟೆ, ಡಬ್ಬಿಗಳನ್ನ ಡಿಕ್ಕಿಯಲ್ಲಿ ಮರಳು ತುಂಬಿದ ಬಕೆಟ್‌ನೊಳಗೆ ನಿಲ್ಲಿಸಿ, ಕಿಟಕಿ ಸ್ವಲ್ಪ ಇಳಿಸಿ.

ಹಚ್ಚೋ ದಿನ ಬೆಳಿಗ್ಗೆ ಮೊದಲು ಮಾಡಿದ ಕೆಲಸ ಬಚ್ಚಲ ಒಲೆ ಆರಿಸಿದ್ದು. ನಮ್ಮ ಕಡೆ ಬಚ್ಚಲ ಒಲೆ ಇಡೀ ದಿನ ಕೆಂಡ ಹಿಡಿದಿರುತ್ತೆ, ಥಿನ್ನರ್ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಿದು ಹೋಗಿ ದೂರದ ಬೆಂಕಿ ಹಿಡಿಯುತ್ತೆ. ಆಯಿಗೆ ಬೆಳಿಗ್ಗೆ ಆರಕ್ಕೇ ಸ್ನಾನ ಮಾಡಿಸಿ ಕೆಂಡಕ್ಕೆ ನೀರು ಹೊಯ್ದು, ಅಂಗಳದಲ್ಲಿ ಅಡಿಕೆ ಹರಡೋ ಜಾಗ ಗುಡಿಸಿ, ನೀರು ಚಿಮುಕಿಸಿ ಧೂಳು ಕೂರಿಸಿ, ಇಬ್ಬನಿ ಆರೋವರೆಗೆ, ಅಂದ್ರೆ ಹತ್ತೂವರೆವರೆಗೆ ಕಾದೆ. ಹಂಡೆಯನ್ನ ಬಿಸಿಲಲ್ಲಿ ಸ್ವಲ್ಪ ಬೆಚ್ಚಗೆ ಮಾಡಿ ನೆರಳಿಗೆ ತಂದು ಬಾಡಿಗೆ ತಂದ ಸಣ್ಣ ಸ್ಪ್ರೇ ಗನ್‌ನಲ್ಲಿ ಮೂರು ತೆಳು ಕೋಟ್, ಒಂದೊಂದರ ನಡುವೆ ಒಂದು ಗಂಟೆ. ಕಂಠದ ಅಂಚಿಗೆ, ಬೊಟ್ಟಿನ ಸುತ್ತಂಚಿಗೆ ಇನ್ನೊಂದು ಸಲ ಹೆಚ್ಚಿಗೆ ಹೊಡೆದೆ, ಚೂಪು ಅಂಚಲ್ಲಿ ಪದರ ತಾನಾಗೇ ತೆಳ್ಳಗಾಗಿ ಕೆಡೋದು ಅಲ್ಲಿಂದಲೇ ಶುರುವಾಗುತ್ತೆ. ಗನ್ ಬಾಡಿಗೆ ತರೋದಾದ್ರೆ ಕಂಪ್ರೆಸರ್‌ಗೆ ನೀರು ಹಿಡಿಯೋ ಟ್ರ್ಯಾಪ್ ಇದೆಯಾ ನೋಡ್ಕೊಳ್ಳಿ, ಇಲ್ಲಾಂದ್ರೆ ಗಾಳಿ ಜೊತೆ ನೀರಿನ ಹನಿ ಬಂದು ಬೀಳುತ್ತೆ. ಮೂರು ದಿನ ಯಾರೂ ಮುಟ್ಟದ ಹಾಗೆ ಮೆತ್ತಿನ (ಮಹಡಿ) ಮೇಲೆ ಇಟ್ಟು ಆಮೇಲೆ ಬೊಟ್ಟುಗಳನ್ನ ಮರದ ಸುತ್ತಿಗೆಯಲ್ಲಿ, ನಡುವೆ ಬಟ್ಟೆ ಇಟ್ಟು ಬಡಿದ್ವಿ. ಎರಡಕ್ಕೆ ಗೀರು ಬಿತ್ತು, ಬ್ರಷ್‌ನಲ್ಲಿ ಒಂದು ಹನಿ ಹಚ್ಚಿದೆ, ಹೊಸ ಲ್ಯಾಕರ್ ಹಳೇದನ್ನ ಕರಗಿಸ್ಕೊಂಡು ಅದರಲ್ಲೇ ಸೇರಿಹೋಯ್ತು, ಗುರುತೇ ಇಲ್ಲ. ಪಿಯುನಲ್ಲಿ ಇದು ಸಾಧ್ಯವೇ ಇರಲಿಲ್ಲ.

ಒಟ್ಟು ಖರ್ಚು ಕೇಳಿದ್ರೆ, ಮೇಲೆ ಹೇಳಿದ್ದೆಲ್ಲ ಮತ್ತೆ ಥಿನ್ನರ್, ಅಸಿಟೋನ್, ಗ್ಲೌಸ್, ಹಿತ್ತಾಳೆ ಪಟ್ಟಿ, ಗನ್ ಬಾಡಿಗೆ ಸೇರಿ ಬಂದ 1,900, ಎಲ್ಲ ಕೂಡಿದ್ರೆ 24,800. ಮೊದಲ ಸಲವೇ ಸರಿಯಾಗಿ ಮಾಡಿದ್ರೆ 12,000 ಆಸುಪಾಸಲ್ಲಿ ಮುಗೀತಿತ್ತು. ದುಡ್ಡು ಹೋಗ್ಲಿ, ಆ ಒಂದು ನವಿಲಿನ ಚುಕ್ಕಿ.

ಸರಪಳಿಗೆ ಮೇಣ ಹಚ್ಚಿದ್ದು ಆಯಿ ಮತ್ತೆ ನಾನು ಸೇರಿ. ಅಪ್ಪಯ್ಯನ ಹಳೇ ಮೆತ್ತಗಿನ ಪಂಚೆ ಹರಿದು ಎರಡು ತುಂಡು, ಒಂದರಲ್ಲಿ ತೆಳ್ಳಗೆ ಸವರೋದು, ಎರಡು ನಿಮಿಷ ಬಿಟ್ಟು ಇನ್ನೊಂದರಲ್ಲಿ ಉಜ್ಜೋದು. ಬೆರಳಿಗೆ ಬಲ ಬೇಡ, ಮಾತಾಡ್ತಾ ಮಾತಾಡ್ತಾ ನಾಲ್ಕೂ ಸರಪಳಿ ಮಧ್ಯಾಹ್ನದ ಊಟದೊಳಗೆ ಆಯ್ತು. ಮುಂಚೆ ನಾಲ್ಕು ದಿನ ಆಗ್ತಿದ್ದ ಕೆಲಸ ಅದು. ಅಕ್ರಿಲಿಕ್ ಪಟ್ಟಿಯನ್ನ ಬಾವಿ ಹತ್ರದ ತಂತಿಯಿಂದ ಬಿಚ್ಚಬೇಡ ಅಂತ ಹೇಳಿ ಬಂದಿದ್ದೀನಿ, ಇನ್ನೂ ಒಂದು ಮಳೆಗಾಲ ಅಲ್ಲೇ ಇರ್ಲಿ, ಆಯಿ ಹೊಸ ಪಂಚಾಂಗದ ಹಿಂದಿನ ಪುಟಕ್ಕೆ ಈಗಾಗಲೇ ಗೆರೆ ಹೊಡೆದಿಟ್ಟಿದ್ದಾಳೆ.